ಹೆರಿಗೆಗೆ ಯಾವ ಆಸ್ಪತ್ರೆ? ಕೋಲಾರದಲ್ಲಿ ನಮ್ಮ ಹುಡುಕಾಟ

ಎಲ್ಲರಿಗೂ ನಮಸ್ಕಾರ. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂದು ಅಮ್ಮ ಹಟ ಹಿಡಿದಿರುವುದರಿಂದ ನಾನು ಕೋಲಾರಕ್ಕೆ ಬಂದಿದ್ದೇನೆ. ಬೆಂಗಳೂರಿನಲ್ಲಿಯೇ ಆಗಲಿ ಎಂಬುದು ಯಜಮಾನರ ವಾದವಾಗಿತ್ತು. ಆದರೆ ನೋವು ಕಾಣಿಸಿಕೊಂಡ ಮೇಲೆ ಸುಮಾರು 70 ಕಿಲೋಮೀಟರ್ ದೂರದ ದಾರಿಯನ್ನು ನೆಚ್ಚಿಕೊಳ್ಳಲು ನಾನು ಸಿದ್ಧಳಿಲ್ಲ.

ಈಗ ನೀವು ನೋಡುತ್ತಿರುವ ಹೊಳೆಯುವ ನೆಲ, ಗುಲಾಬಿ ಬಣ್ಣದ ಗೋಡೆ, ಬಲೂನುಗಳೆಲ್ಲ ಒಂದು ಖಾಸಗಿ ನರ್ಸಿಂಗ್ ಹೋಮಿನವು. ಹೆಸರನ್ನು ಮರೆಮಾಡಿದ್ದೇನೆ, ಕಾಮೆಂಟಿನಲ್ಲಿ ಕೇಳಬೇಡಿ. ನಾರ್ಮಲ್ ಆದರೆ 45,000 ರೂಪಾಯಿ, ಸಿಸೇರಿಯನ್ ಆದರೆ 75,000 ರೂಪಾಯಿಯ ಪ್ಯಾಕೇಜ್ ಎಂದರು. ಈ ಕಾಗದದ ತಳಭಾಗವನ್ನು ಹತ್ತಿರದಿಂದ ನೋಡಿ. ನಕ್ಷತ್ರದ ಗುರುತಿನ ಪಕ್ಕದಲ್ಲಿ ಇರುವೆ ಸಾಲಿನಂತಹ ಅಕ್ಷರಗಳಿವೆ: ಅರಿವಳಿಕೆ ವೈದ್ಯರ ಶುಲ್ಕ, ಮಕ್ಕಳ ವೈದ್ಯರ ಶುಲ್ಕ, ಔಷಧಿ, ರಕ್ತ, ಮಗುವನ್ನು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇರಿಸಬೇಕಾಗಿ ಬಂದರೆ ಅದರ ದಿನದ ಬಾಡಿಗೆ, ಇವೆಲ್ಲವೂ ಪ್ರತ್ಯೇಕ. ಹಾಗಾದರೆ ಪ್ಯಾಕೇಜಿನಲ್ಲಿ ಏನು ಬರುತ್ತದೆ ಎಂದು ಕೇಳಿದರೆ, ಕೌಂಟರಿನಲ್ಲಿದ್ದ ಹುಡುಗಿ, “ಎಸಿ ರೂಮು, ಮಗುವಿನ ಫೋಟೊಶೂಟ್, ಕೇಕ್ ಎಲ್ಲಾ ಬರುತ್ತೆ ಮೇಡಂ” ಎಂದಳು. ಕೇಕ್ ತಿನ್ನುವುದಕ್ಕೆ ಹೆರಿಗೆಯಾಗಬೇಕೇ ಎಂದು ಅಮ್ಮ ಅಲ್ಲಿಯೇ ಗಟ್ಟಿಯಾಗಿ ಕೇಳಿಬಿಟ್ಟರು. ದುಡ್ಡಿಗಿಂತ ಹೆಚ್ಚಾಗಿ ನನ್ನನ್ನು ಕೆಣಕಿದ್ದು ಅವರ ಮತ್ತೊಂದು ಉತ್ತರ. ನಡುರಾತ್ರಿ ಅರಿವಳಿಕೆ ವೈದ್ಯರು ಇರುತ್ತಾರೆಯೇ ಎಂದರೆ ಕರೆದರೆ ಬರುತ್ತಾರಂತೆ. ಮಗುವಿಗೆ ಉಸಿರಾಟದ ತೊಂದರೆಯಾದರೆ ಬೇರೆ ಆಸ್ಪತ್ರೆಗೆ ಕಳುಹಿಸುತ್ತಾರಂತೆ. ಕಷ್ಟ ಬಂದಾಗ ಸಾಗಹಾಕುವುದಾದರೆ ಅಷ್ಟು ಹಣ ಯಾವುದಕ್ಕೆ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47.4ರಷ್ಟು ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3. ಇದನ್ನು ಓದಿದಾಗ ಹೊಟ್ಟೆ ಕೊಯ್ಯುವುದೇ ಇವರ ಕಸುಬು ಎಂದು ಬೈದುಕೊಂಡಿದ್ದೆ. ಆದರೆ ನಮ್ಮ ಅಕ್ಕನ ಮಗು ಉಳಿದದ್ದೇ ಸಕಾಲಕ್ಕೆ ಮಾಡಿದ ಸಿಸೇರಿಯನ್ನಿನಿಂದ. ಆದ್ದರಿಂದ ಬೈಗುಳದಲ್ಲಿ ಅರ್ಧವನ್ನು ಹಿಂದಕ್ಕೆ ಪಡೆಯುತ್ತೇನೆ.

ಇದು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ. ಒಳಗೆ ಚಿತ್ರೀಕರಣ ಮಾಡಿಲ್ಲ, ಬಾಣಂತಿಯರ ಮುಂದೆ ಕ್ಯಾಮೆರಾ ಹಿಡಿಯುವುದು ಸರಿಯಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ ಇವೆಲ್ಲ ಉಚಿತ. ನಾರ್ಮಲ್ ಆದರೆ 3 ದಿನ, ಸಿಸೇರಿಯನ್ ಆದರೆ 7 ದಿನ ಊಟವೂ ಉಚಿತ. ಮನೆಯಿಂದ ಕರೆತರುವ, ಬಾಣಂತಿಯನ್ನು ಮನೆಗೆ ಬಿಡುವ ವಾಹನಕ್ಕೂ ಹಣ ಕೊಡಬೇಕಾಗಿಲ್ಲ. ನನ್ನ ಹಿಮೋಗ್ಲೋಬಿನ್ 10.2 ಇದೆ, ಬಸುರಿಯರಲ್ಲಿ ಅದು 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಹೀಗಿರುವಾಗ ರಕ್ತ ಎಲ್ಲಿ ಬೇಗ ಸಿಗುತ್ತದೆ ಎಂಬುದು ಎಸಿಗಿಂತ ದೊಡ್ಡ ಪ್ರಶ್ನೆ. ನಿಜ, ನನಗೆ ಒಂಟಿ ಕೋಣೆಯ ಆಸೆ ಇನ್ನೂ ಹೋಗಿಲ್ಲ. ಜನರಲ್ ವಾರ್ಡಿನಲ್ಲಿ ಬಾಣಂತನ ಎಂದರೆ ನೆಂಟರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಅಮ್ಮನಿಗಿದೆ.

ಸದ್ಯಕ್ಕೆ ನನ್ನ ಮತ ಜಿಲ್ಲಾ ಆಸ್ಪತ್ರೆಗೇ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ಆಶಾ ಅಕ್ಕನೇ ಜೊತೆಗೆ ಬರುತ್ತೇನೆಂದಿದ್ದಾರೆ. ತಾಯಿ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡಿದ್ದೇನೆ. ಅಲ್ಲಿ ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆಂದು ಕೇಳಿ ಮುಂದಿನ ವಿಡಿಯೊದಲ್ಲಿ ತಿಳಿಸುತ್ತೇನೆ. ಆಟೊದವರು ಹಾರ್ನ್ ಹೊಡೆಯುತ್ತಿದ್ದಾರೆ, ಬರುತ್ತೇನೆ.