ದೇವಿಯ ಅಪ್ಪಣೆಯನ್ನು ಬರೆದ ಹೆಣ್ಣು

ನಮಸ್ಕಾರ, ಕೇಳುಗರೇ.

1953ರ ಜೂನ್ ತಿಂಗಳಲ್ಲಿ, ವರ್ಷದ ಅತಿ ದೀರ್ಘವಾದ ಹಗಲಿನ ಹೊತ್ತಿಗೆ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ಮನೆಯೊಳಗೆ 31 ವರ್ಷದ ಡೋರೀನ್ ವ್ಯಾಲಿಯೆಂಟ್ ಎಂಬ ಮಹಿಳೆ ದೀಕ್ಷೆಯೊಂದನ್ನು ಪಡೆದರು. ದೀಕ್ಷೆ ಕೊಟ್ಟವರು ಜೆರಾಲ್ಡ್ ಗಾರ್ಡ್ನರ್ ಎಂಬ, ಆಗಷ್ಟೇ 69 ತುಂಬಿದ್ದ ಹಿರಿಯರು. ವಿಧಿಯ ನಡುವೆ ಗಾರ್ಡ್ನರ್ ಅವರು ದೇವಿಯೇ ನುಡಿದ ಮಾತುಗಳೆಂದು ಒಂದು ಪಠ್ಯವನ್ನು ಗಂಭೀರವಾಗಿ ಓದಿದರು. ಡೋರೀನ್ ಅವರ ಓದು ವಿಸ್ತಾರವಾದದ್ದು, ಕಾವ್ಯದ ಕಿವಿ ಸೂಕ್ಷ್ಮವಾದದ್ದು. ಆ ಪಠ್ಯದ ಹಲವು ಸಾಲುಗಳು ಅಲೈಸ್ಟರ್ ಕ್ರೌಲಿ ಎಂಬ ತಾಂತ್ರಿಕನ ಬರಹಗಳಿಂದ ಎತ್ತಿಕೊಂಡವು ಎಂಬುದು ಅವರಿಗೆ ಆ ಗಳಿಗೆಯಲ್ಲೇ ತಿಳಿದುಹೋಯಿತು. ದೇವಿಯ ಬಾಯಲ್ಲಿ ಒಬ್ಬ ಗಂಡಸಿನ, ಅದೂ ಪತ್ರಿಕೆಗಳಲ್ಲಿ ಹೆಸರು ಕೆಟ್ಟಿದ್ದ ಗಂಡಸಿನ ಮಾತುಗಳಿದ್ದವು.

ವಿಕ್ಕಾ ಎಂಬ ಆಧುನಿಕ ಧರ್ಮದಲ್ಲಿ ದೇವಿಗೆ ಸಿಕ್ಕಿರುವ ಸ್ಥಾನವನ್ನು ಅರ್ಥಮಾಡಿಕೊಳ್ಳಲು ಈ ಒಂದು ಗಳಿಗೆಗಿಂತ ಒಳ್ಳೆಯ ಬಾಗಿಲು ನನಗೆ ಕಾಣುವುದಿಲ್ಲ. ಏಕೆಂದರೆ ಅಲ್ಲಿ ಹೆಣ್ಣಿನ ದನಿ ಪರಂಪರೆಯಿಂದ ತಾನಾಗಿ ಇಳಿದು ಬಂದದ್ದಲ್ಲ. ಅದನ್ನು ಹೆಂಗಸರು ಒಂದೊಂದು ಸಾಲಾಗಿ ಬರೆದು, ಒಂದೊಂದು ಜಗಳವಾಗಿ ಆಡಿ ಪಡೆದುಕೊಂಡರು.

ಗಾರ್ಡ್ನರ್ ಅವರು ತಮ್ಮ ದುಡಿಮೆಯ ವರ್ಷಗಳನ್ನು ಸಿಲೋನ್, ಬೋರ್ನಿಯೋ, ಮಲಯಗಳಲ್ಲಿ ತೋಟದ ಕೆಲಸದಲ್ಲೂ ಸುಂಕದ ಅಧಿಕಾರಿಯಾಗಿಯೂ ಕಳೆದು, 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದವರು. ನ್ಯೂ ಫಾರೆಸ್ಟ್ ಎಂಬ ಕಾಡಿನ ಸೀಮೆಯಲ್ಲಿ 1939ರಲ್ಲಿ ಒಂದು ಹಳೆಯ ಮಾಟಗಾತಿಯರ ಕೂಟ ತಮಗೆ ದೀಕ್ಷೆ ಕೊಟ್ಟಿತೆಂದೂ, ಅದು ಕ್ರೈಸ್ತ ಮತಕ್ಕಿಂತ ಹಿಂದಿನ ಧರ್ಮದ ಉಳಿಕೆಯೆಂದೂ ಅವರು ಹೇಳುತ್ತಿದ್ದರು. 1735ರ ಮಾಟದ ಕಾಯಿದೆ 1951ರಲ್ಲಿ ರದ್ದಾದ ಮೇಲೆ ಅವರಿಗೆ ಬಹಿರಂಗವಾಗಿ ಬರೆಯುವುದು ಸಾಧ್ಯವಾಯಿತು. 1954ರಲ್ಲಿ ಅವರ ಪುಸ್ತಕ ಹೊರಬಂದಾಗ ವಿಕ್ಕಾ ಲೋಕಕ್ಕೆ ಗೊತ್ತಾಯಿತು. ಹಳೆಯ ಇಂಗ್ಲಿಷಿನಲ್ಲಿ 'ವಿಕ್ಕಾ' ಎಂಬುದು ಪುಲ್ಲಿಂಗ ರೂಪ, ಅಂದರೆ ಮಾಟಗಾರ. ಮಾಟಗಾತಿಗೆ ಬೇರೆಯ ರೂಪವಿತ್ತು. ದೇವಿಯನ್ನು ನಡುವೆ ಇಟ್ಟುಕೊಂಡ ಧರ್ಮಕ್ಕೆ ಗಂಡಸಿನ ಹೆಸರೇ ನಿಂತುಬಿಟ್ಟಿತು ಎಂಬುದನ್ನು ಗಮನದಲ್ಲಿಡಿ.

ಈಗ ದೇವಿಯ ಮಾತು ಕೇಳಿಬರುವ ವಿಧಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹುಣ್ಣಿಮೆಯ ರಾತ್ರಿ ಕೂಟದವರು ಸೇರಿ, ಒಂಬತ್ತು ಅಡಿ ಅಗಲದ ವೃತ್ತವನ್ನು ಕತ್ತಿಯ ಮೊನೆಯಿಂದ ಗುರುತಿಸುತ್ತಾರೆ. ನಾಲ್ಕು ದಿಕ್ಕಿಗೂ ದೀಪಗಳಿರುತ್ತವೆ: ಮೂಡಣಕ್ಕೆ ಗಾಳಿ, ತೆಂಕಣಕ್ಕೆ ಬೆಂಕಿ, ಪಡುವಣಕ್ಕೆ ನೀರು, ಬಡಗಣಕ್ಕೆ ನೆಲ. ಪ್ರಧಾನ ಪೂಜಾರಿಣಿ ಪೀಠದ ಮುಂದೆ ನಿಲ್ಲುತ್ತಾಳೆ. ಪೂಜಾರಿ ಆಕೆಯ ಮುಂದೆ ಮಂಡಿಯೂರಿ, ಪಾದದಿಂದ ತೊಡಗಿ ತುಟಿಯವರೆಗೆ ಐದು ಕಡೆ ಮುತ್ತಿಟ್ಟು, ದೇವಿಯನ್ನು ಆಕೆಯ ಮೈಯೊಳಗೆ ಇಳಿದು ಬರುವಂತೆ ಕರೆಯುತ್ತಾನೆ. ಇದಕ್ಕೆ ಅವರು 'ಚಂದ್ರನನ್ನು ಕೆಳಗಿಳಿಸುವುದು' ಎನ್ನುತ್ತಾರೆ. ಗ್ರೀಸಿನ ಥೆಸ್ಸಲಿಯ ಹೆಂಗಸರು ಚಂದ್ರನನ್ನೇ ಆಕಾಶದಿಂದ ಇಳಿಸಬಲ್ಲರೆಂಬ ಪ್ರಾಚೀನ ನಂಬಿಕೆಯಿಂದ ಬಂದ ಹೆಸರು ಅದು. ಅಲ್ಲಿಯವರೆಗೆ ದೇವಿಯನ್ನು ಕುರಿತು ಮಾತಾಡುತ್ತಿದ್ದ ಹೆಣ್ಣು, ಆ ಮೇಲೆ 'ನಾನು' ಎಂದು ಮಾತಾಡುತ್ತಾಳೆ. ಮೈಮೇಲೆ ಅಮ್ಮ ಬಂದಾಗ ಅಪ್ಪಣೆಯಾಗುವುದನ್ನು ಕಂಡಿರುವ ನಮ್ಮ ಕೇಳುಗರಿಗೆ ಈ 'ನಾನು' ಎಷ್ಟು ಭಾರದ ಮಾತು ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಅಲ್ಲಿಯ ಅಪ್ಪಣೆ ಬಹುಮಟ್ಟಿಗೆ ಮೊದಲೇ ಬರೆದಿಟ್ಟ ಪಠ್ಯ. ಆದ್ದರಿಂದಲೇ ಅದನ್ನು ಬರೆದವರು ಯಾರು ಎಂಬ ಪ್ರಶ್ನೆಗೆ ತೂಕವಿದೆ.

ತಾನು ಗುರುತಿಸಿದ್ದನ್ನು ಡೋರೀನ್ ಅವರು ಗಾರ್ಡ್ನರ್ ಅವರಿಗೆ ನೇರವಾಗಿ ಹೇಳಿದರು. ನಿಮಗೆ ಇದಕ್ಕಿಂತ ಚೆನ್ನಾಗಿ ಬರೆಯಲು ಬರುವುದಾದರೆ ಬರೆಯಿರಿ ಎಂಬರ್ಥದ ಉತ್ತರ ಸಿಕ್ಕಿತು. ಅವರು ಬರೆದರು. ಮೊದಲು ಪದ್ಯದಲ್ಲಿ ಬರೆದರು. ಕೂಟದವರಿಗೆ ಗದ್ಯವೇ ಹಿಡಿಸಿದ್ದರಿಂದ ಮತ್ತೆ ಗದ್ಯದಲ್ಲಿ ಬರೆದರು. ಕ್ರೌಲಿಯ ಸಾಲುಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿ, ಚಾರ್ಲ್ಸ್ ಲೀಲೆಂಡ್ ಎಂಬ ಅಮೆರಿಕನ್ ಸಂಗ್ರಾಹಕ 1899ರಲ್ಲಿ ಇಟಲಿಯ ಮಾಟಗಾತಿಯರದೆಂದು ಪ್ರಕಟಿಸಿದ್ದ ಮಾತುಗಳಲ್ಲಿ ಬೇಕಾದದ್ದನ್ನು ಉಳಿಸಿಕೊಂಡು, ಮಿಕ್ಕದ್ದನ್ನು ತಮ್ಮ ನುಡಿಯಲ್ಲೇ ಕಟ್ಟಿದರು. ಹೀಗೆ ಹುಟ್ಟಿದ ಪಠ್ಯದಲ್ಲಿ ದೇವಿ ಹಸಿರು ನೆಲದ ಚೆಲುವೆಂದೂ ನಕ್ಷತ್ರಗಳ ನಡುವಣ ಬಿಳಿಯ ಚಂದ್ರನೆಂದೂ ತನ್ನನ್ನು ಹೇಳಿಕೊಳ್ಳುತ್ತಾಳೆ. ತನಗೆ ಬಲಿ ಬೇಡವೆನ್ನುತ್ತಾಳೆ. ಸೌಂದರ್ಯದ ಜೊತೆಗೆ ಬಲವನ್ನೂ, ಅಧಿಕಾರದ ಜೊತೆಗೆ ಕರುಣೆಯನ್ನೂ, ಮಾನದ ಜೊತೆಗೆ ವಿನಯವನ್ನೂ, ನಗುವಿನ ಜೊತೆಗೆ ಭಕ್ತಿಯನ್ನೂ ಕೇಳುತ್ತಾಳೆ. ಹುಡುಕುವುದು ಒಳಗೆ ಸಿಗದಿದ್ದರೆ ಹೊರಗೆಂದೂ ಸಿಗದು ಎಂದು ಎಚ್ಚರಿಸುತ್ತಾಳೆ. ನಗುವಿನ ಜೊತೆಗೆ ಭಕ್ತಿ ಎಂಬ ಜೋಡಿ ನನಗೆ ಬಹಳ ಪ್ರಿಯವಾದದ್ದು. ಶಾಪದಿಂದ ಹೆದರಿಸುವ ಕೆಲಸವನ್ನು ಆ ದೇವಿ ಮಾಡುವುದಿಲ್ಲ.

ವಿಕ್ಕಾದ ದೇವಿಗೆ ಮೂರು ಮುಖಗಳೆಂದು ಇಂದು ಎಲ್ಲರೂ ಹೇಳುತ್ತಾರೆ: ಬೆಳೆಯುವ ಚಂದ್ರನಂಥ ಕನ್ಯೆ, ಹುಣ್ಣಿಮೆಯಂಥ ತಾಯಿ, ಕ್ಷೀಣಿಸುವ ಚಂದ್ರನಂಥ ಮುದುಕಿ. ಈ ರೂಪಕ್ಕೆ ಪ್ರಚಾರ ಕೊಟ್ಟವರು ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್, 1948ರ ತಮ್ಮ ಗ್ರಂಥದಲ್ಲಿ. ಮುದುಕಿಯನ್ನೂ ದೇವಿಯೆಂದು ಪೀಠದ ಮೇಲೆ ಕೂರಿಸಿದ್ದು ಸಣ್ಣ ಮಾತಲ್ಲ. ಇಂದು ಅನೇಕ ಕೂಟಗಳಲ್ಲಿ ಮುಟ್ಟು ನಿಂತ ಹೆಂಗಸರನ್ನು ಹಿರಿಯಳೆಂದು ಗೌರವಿಸುವ ವಿಧಿಯೂ ನಡೆಯುತ್ತದೆ.

ಆದರೆ ಪೀಠದ ಮೇಲಿನ ಮುದುಕಿಗೆ ಸಿಕ್ಕ ಮರ್ಯಾದೆ, ಪೀಠದ ಮುಂದೆ ನಿಂತ ಹೆಣ್ಣಿಗೆ ಸಿಗಲಿಲ್ಲ. 1957ರಲ್ಲಿ, ಗಾರ್ಡ್ನರ್ ಅವರ ಪ್ರಚಾರಪ್ರಿಯತೆ ಕೂಟದ ಗುಟ್ಟಿಗೆ ಧಕ್ಕೆ ತರುತ್ತಿದೆಯೆಂದು ಕೂಟದ ಪ್ರಧಾನ ಪೂಜಾರಿಣಿಯಾಗಿದ್ದ ಡೋರೀನ್ ಮತ್ತು ಸಂಗಡಿಗರು ಕೆಲವು ನಿಯಮಗಳನ್ನು ಬರೆದು ಕಳಿಸಿದರು. ನಿಯಮಗಳು ಆಗಲೇ ಇವೆ ಎಂದು ಹೇಳಿ ಗಾರ್ಡ್ನರ್ ಅವರು, ಅದುವರೆಗೆ ಯಾರೂ ಕಂಡಿರದಿದ್ದ, ಹಳೆಗಾಲದ ಇಂಗ್ಲಿಷಿನ ಧಾಟಿಯ ಒಂದು ಕಟ್ಟಳೆಯ ಪಟ್ಟಿಯನ್ನು ಹೊರತೆಗೆದರು. ದೇವಿಯನ್ನು ಪ್ರತಿನಿಧಿಸುವವಳಿಗೆ ಯೌವನ ಅಗತ್ಯವೆಂದೂ, ಹೊತ್ತು ಬಂದಾಗ ಪ್ರಧಾನ ಪೂಜಾರಿಣಿ ಕಿರಿಯ ಹೆಣ್ಣಿಗೆ ಜಾಗ ಬಿಟ್ಟು ಸೊಗಸಾಗಿ ಹಿಂದೆ ಸರಿಯಬೇಕೆಂದೂ ಅದರಲ್ಲಿ ಬರೆದಿತ್ತು. ಡೋರೀನ್ ಅವರಿಗೆ ಆಗ 35 ವರ್ಷ. ಗಾರ್ಡ್ನರ್ ಅವರಿಗೆ 73. ಗಂಡಸು ಯಾವಾಗ ಸರಿಯಬೇಕೆಂಬುದರ ಬಗ್ಗೆ ಅವರಿಗೆ ಅಂಥ ಆತುರ ಇರಲಿಲ್ಲ. ಆ ಕಟ್ಟಳೆಗಳು ಹೊಸದಾಗಿ ಕಟ್ಟಿದವೆಂದು ಡೋರೀನ್ ಅವರಿಗೆ ಮನವರಿಕೆಯಾಯಿತು. ದೇವಿಯ ಮಾತನ್ನು ಬರೆದಿದ್ದವರು ದೇವಿಯ ಹೆಸರಿನ ಆ ಕಟ್ಟಳೆಯನ್ನು ಒಪ್ಪದೆ, ಜೊತೆಗಾರರೊಂದಿಗೆ ಕೂಟವನ್ನು ಬಿಟ್ಟು ಹೊರಟರು.

ಈ ಪ್ರಸಂಗವನ್ನು ನಾನು ವಿಸ್ತಾರವಾಗಿ ಹೇಳಲು ಕಾರಣವಿದೆ. ದೇವಿಯ ಪೂಜೆ ಇದ್ದಲ್ಲಿ ಹೆಣ್ಣಿಗೆ ಮರ್ಯಾದೆ ತಾನಾಗಿ ಬರುತ್ತದೆಂದು ಪಶ್ಚಿಮದ ಅನೇಕ ಲೇಖಕಿಯರು ಒಂದು ಕಾಲಕ್ಕೆ ನಂಬಿದ್ದರು. ಊರೂರಿಗೂ ಅಮ್ಮನ ಗುಡಿ ಇರುವ ನಾಡಿನವರಾದ ನಾವು ಅದನ್ನು ಅಷ್ಟು ಸುಲಭವಾಗಿ ಹೇಳಲಾರೆವು.

ವಿಕ್ಕಾದ ಎರಡನೆಯ ಅಲೆ ಅಮೆರಿಕದಲ್ಲಿ ಎದ್ದಿತು. 1956ರ ದಂಗೆಯ ಬಳಿಕ ಹಂಗೇರಿಯಿಂದ ಓಡಿಬಂದಿದ್ದ ಜುಜಾನಾ ಬುಡಾಪೆಸ್ಟ್ ಅವರು 1971ರ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆಂಗಸರಿಗೆಂದೇ ಒಂದು ಕೂಟವನ್ನು ಆರಂಭಿಸಿ, ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಆಂಥನಿಯ ಹೆಸರನ್ನು ಅದಕ್ಕಿಟ್ಟರು. 1978ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಸ್‌ನಲ್ಲಿ ಧರ್ಮಶಾಸ್ತ್ರಜ್ಞೆ ಕ್ಯಾರೊಲ್ ಕ್ರೈಸ್ಟ್ ಅವರು ಮಾಡಿದ ಭಾಷಣದ ವಾದ ಇಂದಿಗೂ ಚರ್ಚೆಯಲ್ಲಿದೆ: ದೇವರನ್ನು ಯಾವಾಗಲೂ ತಂದೆಯೆಂದೇ ಕರೆಯುವ ಸಮಾಜದಲ್ಲಿ ಹುಡುಗನಿಗೆ ತಾನು ದೇವರ ರೂಪದವನೆಂಬ ಭಾವ ಸಲೀಸಾಗಿ ಸಿಗುತ್ತದೆ, ಹುಡುಗಿಗೆ ಅದು ಎಂದೂ ಸಿಗುವುದಿಲ್ಲ, ನಂಬಿಕೆ ಬಿಟ್ಟವರ ಮನಸ್ಸಿನಲ್ಲೂ ಆ ಚಿಹ್ನೆ ಕೆಲಸ ಮಾಡುತ್ತಲೇ ಇರುತ್ತದೆ, ಆದ್ದರಿಂದ ಹಳೆಯ ಚಿಹ್ನೆಯನ್ನು ಕಿತ್ತುಹಾಕಿದರೆ ಸಾಲದು, ಆ ಜಾಗದಲ್ಲಿ ಇನ್ನೊಂದನ್ನು ಇಡಬೇಕು. ಮರುವರ್ಷ ಸ್ಟಾರ್‌ಹಾಕ್ ಎಂಬ ಲೇಖಕಿಯ ಪುಸ್ತಕ ಬಂದಿತು. ಅವರ ದೇವಿ ಲೋಕವನ್ನು ಹೊರಗಿನಿಂದ ಆಳುವವಳಲ್ಲ, ಲೋಕವೇ ಅವಳು. ಹಾಗಾಗಿ ಕಾಡನ್ನೂ ನದಿಯನ್ನೂ ಕಾಯುವುದು ಅವರ ಪಾಲಿಗೆ ಪೂಜೆಯೇ ಆಯಿತು.

ಈ ಧರ್ಮದಲ್ಲಿ ನಮ್ಮ ಕಡೆಯ ಎರಡು ಎಳೆಗಳೂ ಸೇರಿವೆ. ಗಾರ್ಡ್ನರ್ ಅವರ ಕೂಟದವರು ಬೆತ್ತಲೆಯಾಗಿ ಪೂಜಿಸುತ್ತಿದ್ದರು; ಅದಕ್ಕೆ ಅವರು ಬಳಸುವ ಇಂಗ್ಲಿಷ್ ಪದದ ಅರ್ಥ 'ಆಕಾಶವನ್ನು ಉಟ್ಟವರು' ಎಂದು. ಶ್ರವಣಬೆಳಗೊಳವನ್ನು ಬಲ್ಲವರಿಗೆ ಅದು 'ದಿಗಂಬರ' ಎಂಬುದರ ಅನುವಾದವೆಂದು ಕೂಡಲೇ ಹೊಳೆಯುತ್ತದೆ. ಅಮೆರಿಕದ ದೇವಿಕೂಟಗಳಲ್ಲಿ ಬಹಳ ಜನಪ್ರಿಯವಾದ, ಈಜಿಪ್ಟಿನ ಐಸಿಸ್‌ಳಿಂದ ಸುಮೇರಿಯಾದ ಇನಾನ್ನಾವರೆಗಿನ ಏಳು ಹೆಸರುಗಳ ನಾಮಾವಳಿಯಲ್ಲಿ ಆರನೆಯವಳು ಕಾಳಿ. ಅಲ್ಲಿ ಅವಳು ಹೆಣ್ಣಿನ ಕೋಪದ ಗುರುತಾಗಿ ನಿಲ್ಲುತ್ತಾಳೆ. ಮಡಿಲಕ್ಕಿ ಕಟ್ಟಿಸಿಕೊಳ್ಳುವ, ಜಾತ್ರೆಗೆ ತವರಿನ ಹೆಣ್ಣುಮಕ್ಕಳನ್ನೆಲ್ಲ ಕರೆಸಿಕೊಳ್ಳುವ ನಮ್ಮ ಕಾಳಮ್ಮ ಆ ಹಾಡಿನೊಳಗೆ ಪೂರ್ತಿಯಾಗಿ ಹಿಡಿಸಿಲ್ಲ ಎಂದು ನನಗೆ ಅನ್ನಿಸುತ್ತದೆ.

ಇತಿಹಾಸದ ವಿಷಯದಲ್ಲಿಯೂ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಯೂರೋಪಿನಲ್ಲಿ ತೊಂಬತ್ತು ಲಕ್ಷ ಮಾಟಗಾತಿಯರನ್ನು ಕೊಂದರೆಂಬ ಲೆಕ್ಕವನ್ನು ಈ ಕೂಟಗಳಲ್ಲಿ ಬಹುಕಾಲ ಹೇಳುತ್ತಿದ್ದರು. ಇಂದಿನ ಇತಿಹಾಸಕಾರರ ಅಂದಾಜು ಸುಮಾರು 40,000ದಿಂದ 60,000, ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಹಳೆಯ ಧರ್ಮ ಗುಟ್ಟಾಗಿ ಉಳಿದು ಬಂದಿತೆಂಬ ಕಥೆಯೂ ನಿಲ್ಲುವುದಿಲ್ಲವೆಂದು ಇತಿಹಾಸಕಾರ ರೊನಾಲ್ಡ್ ಹಟ್ಟನ್ ಅವರು 1999ರ ಗ್ರಂಥದಲ್ಲಿ ವಿವರವಾಗಿ ತೋರಿಸಿದರು. ಇದರಿಂದ ದೇವಿ ಸುಳ್ಳಾದಳೆಂದು ನಾನು ತಿಳಿಯುವುದಿಲ್ಲ. ನಲವತ್ತು ಸಾವಿರ ಸಾವುಗಳಿಗೆ ಮರುಗಲು ಅವು ತೊಂಬತ್ತು ಲಕ್ಷವಾಗಬೇಕಿಲ್ಲ. ಹಾಗೆಯೇ ಒಂದು ಪ್ರಾರ್ಥನೆಯನ್ನು ಮನಸಾರೆ ಹೇಳಲು ಅದು ಸಾವಿರ ವರ್ಷ ಹಳೆಯದಾಗಬೇಕಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು 13,000 ಮಂದಿ ತಮ್ಮ ಧರ್ಮ ವಿಕ್ಕಾ ಎಂದು ಬರೆಸಿದ್ದಾರೆ.

ಡೋರೀನ್ ಅವರು 1989ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕದಲ್ಲಿ ಅಮೆರಿಕದ ಆ ಕಿರಿಯ ಹೆಂಗಸರನ್ನು ಕುರಿತು ಒಂದು ಇಡೀ ಅಧ್ಯಾಯ ಬರೆದರು. ಪ್ರಧಾನ ಪೂಜಾರಿಣಿ, ಮಾಟಗಾತಿಯರ ರಾಣಿ ಎಂಬ ಬಿರುದುಗಳನ್ನು ತಮಗೆಲ್ಲ ಕೊಟ್ಟಿದ್ದರೂ ನಡೆಸುತ್ತಿದ್ದವರು ಗಂಡಸರೇ, ತಾವು ಅವರು ಹೇಳಿದಂತೆ ನಡೆಯುತ್ತಿದ್ದೆವು ಎಂದು ಅದರಲ್ಲಿ ಮರೆಮಾಚದೆ ಒಪ್ಪಿಕೊಂಡರು. ಅವರು ಬ್ರೈಟನ್ ನಗರದ, ನಗರಸಭೆ ಕಟ್ಟಿಸಿದ ವಸತಿ ಸಮುಚ್ಚಯದ ಒಂದು ಫ್ಲ್ಯಾಟ್‌ನಲ್ಲಿ ಬದುಕಿ, 1999ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಆ ಕಟ್ಟಡದ ಗೋಡೆಗೆ 2013ರಲ್ಲಿ ಗಣ್ಯರು ಬಾಳಿದ ಮನೆಗಳಿಗೆ ಹಾಕುವಂಥ, ಅವರ ಹೆಸರಿನ ನೀಲಿ ಫಲಕವನ್ನು ಹಾಕಿದ್ದಾರೆ. ದೇವಿಯ ಅಪ್ಪಣೆಯ ಪಠ್ಯವಾದರೋ ಬಹುಕಾಲ ಅವರ ಹೆಸರಿಲ್ಲದೆ ಕೈಯಿಂದ ಕೈಗೆ ನಕಲಾಗುತ್ತಾ ಹೋಯಿತು. ಅದು ಅನಾದಿಯೆಂದೇ ತಿಳಿದು, ಎಷ್ಟೋ ಹೆಂಗಸರು ಹುಣ್ಣಿಮೆಯ ರಾತ್ರಿ ವೃತ್ತದ ನಡುವೆ ನಿಂತು ಅದರ 'ನಾನು' ಎಂಬ ಮಾತನ್ನು ತಮ್ಮದಾಗಿ ನುಡಿದರು.

ನಮಸ್ಕಾರ.