ರಾಜಿಯ ಲೆಕ್ಕದ ಹಾಳೆ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮೂವತ್ತೊಂದು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವಳು. ಹಾಲಿನವನಿಗೆ ಎಷ್ಟು, ಹೂವಿನವಳಿಗೆ ಎಷ್ಟು ಅಂತ ಬರೆದಿಡದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ಕೆಂಪು ಬೈಂಡಿನ ಒಂದು ಉದ್ದನೆಯ ಪುಸ್ತಕ ಇಟ್ಟಿದ್ದೇನೆ. ನಮ್ಮ ಯಜಮಾನರು ಅದನ್ನು ಚಿತ್ರಗುಪ್ತನ ಪುಸ್ತಕ ಅನ್ನುತ್ತಾರೆ. ಅದರಲ್ಲಿ 2019ರ ಜೂನ್ ತಿಂಗಳಿಂದ ಒಂದು ಹೊಸ ತಲೆಬರಹ ಶುರುವಾಗಿದೆ. ‘ಗಿಣಿ’ ಅಂತ. ಇವತ್ತು ನಿಮ್ಮೆದುರು ಓದಬೇಕು ಅಂದುಕೊಂಡಿರುವುದು ಆ ಹಾಳೆಗಳನ್ನೇ.

ಗಿಣಿ ಅಂದರೆ ನಮ್ಮ ಸೀಬೆ ಮರಕ್ಕೆ ಬರುವ ಹಸಿರು ಗಿಣಿ ಅಲ್ಲ. ಮಕಾವ್. ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಪಕ್ಷಿ. ಬೆನ್ನೆಲ್ಲ ನೀಲಿ, ಹೊಟ್ಟೆ ಅರಿಶಿನ ಬಣ್ಣ, ಕೆನ್ನೆಯ ಮೇಲೆ ಬಿಳಿ ಚರ್ಮ, ಅದರಲ್ಲಿ ಸಣ್ಣ ಸಣ್ಣ ಕಪ್ಪು ಗರಿಗಳ ಗೆರೆ. ಯಾರೋ ಪೆನ್ನಿನಲ್ಲಿ ಕೂತು ಬರೆದ ಹಾಗೆ. ಕೊಕ್ಕಿನಿಂದ ಬಾಲದ ತುದಿವರೆಗೆ ಹತ್ತಿರ ಹತ್ತಿರ ಮೂರಡಿ. ತೂಕ ಒಂದು ಕಿಲೋ ಆಸುಪಾಸು.

ಮಗ ತಂದ. ಮೊದಲ ಸಂಬಳ, ಮೊದಲ ಬೋನಸ್ಸು, ಬ್ಯಾಂಕಿನವಳ ಮಗನಾದರೂ ಎಫ್.ಡಿ. ಮಾಡಲಿಲ್ಲ. ನಾಲ್ಕು ತಿಂಗಳ ಮರಿ, 1,15,000 ರೂಪಾಯಿ. ನನಗೆ ಹೇಳಿದ್ದು ಮಾತ್ರ ‘ಇಪ್ಪತ್ತು ಸಾವಿರ ಅಮ್ಮ’ ಅಂತ. ಚಿತ್ರಗುಪ್ತನ ಪುಸ್ತಕದ ಎದುರು ಎಷ್ಟು ದಿನ ಸುಳ್ಳು ನಿಲ್ಲುತ್ತದೆ? ಮೂರನೇ ದಿನ ರಸೀದಿ ಸಿಕ್ಕಿತು.

ಇಷ್ಟೊಂದು ಬೆಲೆ ಯಾಕೆ ಅಂತ ಆಗ ನಾನೂ ರೇಗಾಡಿದ್ದೆ. ಆಮೇಲೆ ಅರ್ಥವಾಯಿತು. ಕೋಳಿ ಥರ ಇದು ದಿನಾ ಮೊಟ್ಟೆ ಇಡುವ ಪಕ್ಷಿ ಅಲ್ಲ. ಸಲಕ್ಕೆ ಎರಡೋ ಮೂರೋ ಮೊಟ್ಟೆ. ಸುಮಾರು ನಾಲ್ಕು ವಾರ ಕಾವು. ಮರಿ ಗೂಡು ಬಿಡುವುದಕ್ಕೇ ಮೂರು ತಿಂಗಳು. ಕೈಯಲ್ಲಿ ಸಾಕುವವರು ರಾತ್ರಿ ಎದ್ದು ಸಿರಿಂಜಿನಲ್ಲಿ ಬಿಸಿ ಗಂಜಿ ಕುಡಿಸಬೇಕು. ನಮ್ಮಲ್ಲಿಗೆ ಬಂದದ್ದು ಮಕಾವ್‌ಗಳಲ್ಲಿ ಅಗ್ಗದ ಜಾತಿಯೇ ಅಂತೆ. ಕೆಂಪು ಮಕಾವ್ ಇನ್ನೂ ದುಬಾರಿ. ಪೂರ್ತಿ ನೀಲಿಯಾಗಿರುವ ಹಯಸಿಂತ್ ಮಕಾವ್ ಇದೆಯಲ್ಲ, ಅದರ ಬೆಲೆ ನನ್ನ ಪುಸ್ತಕಕ್ಕೆ ಹಿಡಿಸುವಂಥದ್ದಲ್ಲ, ಬಿಡಿ.

ಗಂಡು ಅಂತ ಹೇಳಿ ಕೊಟ್ಟಿದ್ದರು. ರಾಜ ಅಂತ ಹೆಸರಿಟ್ಟೆವು. ಈ ಜಾತಿಯಲ್ಲಿ ಗಂಡು ಹೆಣ್ಣು ನೋಡಿದರೆ ಗೊತ್ತಾಗುವುದಿಲ್ಲ. ಗರಿ ಕಳಿಸಿ ಡಿಎನ್ಎ ಪರೀಕ್ಷೆ ಮಾಡಿಸಬೇಕು. 1,200 ರೂಪಾಯಿ ಕೊಟ್ಟು ಮಾಡಿಸಿದ ಮೇಲೆ ರಾಜ ಹೋಗಿ ರಾಜಿ ಆದಳು.

ಇನ್ನು ಪಂಜರದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ತಪ್ಪು ನನ್ನದು. ಮಗ 34,000 ರೂಪಾಯಿಯ ಪಂಜರ ತೋರಿಸಿದ. ನಾನು, ‘ಅಷ್ಟಕ್ಕೆ ಒಂದು ಬೀರು ಬರುತ್ತೆ ಕಣೋ’ ಅಂದೆ. ನಮ್ಮ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು 9,000ಕ್ಕೆ ಮಾಡಿಸಿದೆ. ತಳತಳ ಹೊಳೆಯುವ ತಂತಿ ಜಾಲರಿ. 25,000 ಉಳಿಸಿದೆ ಅಂತ ನಾಲ್ಕು ಜನಕ್ಕೆ ಹೇಳಿಕೊಂಡೂ ಬಂದೆ.

ಎರಡು ತಿಂಗಳಾಗಿರಬಹುದು. ದಿನಾ ಬೆಳಗ್ಗೆ ರಾಜಿಯನ್ನು ಅಡುಗೆಮನೆಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದಿಡುವುದು ಮಗನ ಅಭ್ಯಾಸ. ಹಕ್ಕಿಗಳು ಕಾಯಿಲೆಯನ್ನು ಬಚ್ಚಿಡುತ್ತವೆ. ಗರಿಯ ಒಳಗೆ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಮಾತ್ರ ಕಾಣುತ್ತದೆ. 985 ಗ್ರಾಂ ಇದ್ದವಳು 960ಕ್ಕೆ ಬಂದಳು. ಆಮೇಲೆ 931. ಆಮೇಲೆ 890. ತಿಂದದ್ದು ವಾಂತಿ, ನೀರು ಮಾತ್ರ ಕುಡಿದಿದ್ದೇ ಕುಡಿದಿದ್ದು. ಹತ್ತಿರದ ಪಶು ವೈದ್ಯರು ಒಳ್ಳೆಯವರು. ‘ಅಮ್ಮ, ಹಸು ಆಗಲಿ ನಾಯಿ ಆಗಲಿ ನೋಡ್ತೀನಿ, ಇದು ನನ್ನ ಕೈಯಲ್ಲಿ ಆಗಲ್ಲ, ಬೆಂಗಳೂರಿಗೆ ಕರ್ಕೊಂಡು ಹೋಗಿ’ ಅಂತ ನೇರವಾಗಿ ಹೇಳಿದರು. ಟ್ಯಾಕ್ಸಿ ಮಾಡಿಕೊಂಡು ಹೋದೆವು. ಹೋಗಿ ಬರಲು 5,400.

ಅಲ್ಲಿನ ಹಕ್ಕಿ ಡಾಕ್ಟರು ಎಕ್ಸ್‌ರೇ ತೆಗೆಯುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ. ‘ಪಂಜರ ಎಂಥದ್ದಮ್ಮ?’ ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ತಲೆ ತಗ್ಗಿಸಿ ಬರೆದುಕೊಂಡರು. ವಿಷಯ ಏನೆಂದರೆ, ತುಕ್ಕು ಹಿಡಿಯದಿರಲಿ ಅಂತ ಆ ತಂತಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ಮಕಾವ್ ಏಣಿ ಹತ್ತುವ ಹಾಗೆ ಕೊಕ್ಕಿನಿಂದಲೇ ಪಂಜರ ಹತ್ತುತ್ತದೆ, ದಿನವಿಡೀ ಕಂಬಿ ಕಡಿಯುತ್ತದೆ. ಲೇಪ ಚೂರು ಚೂರಾಗಿ ಹೊಟ್ಟೆ ಸೇರಿತ್ತು. ಸತುವಿನ ವಿಷ. ರಕ್ತ ಪರೀಕ್ಷೆ, ಇಂಜೆಕ್ಷನ್, ಐದು ದಿನ ಅಲ್ಲೇ ಇಟ್ಟುಕೊಂಡರು. ಬಿಲ್ಲು 14,600. ವಾಪಸು ಬಂದವರೇ ಆ 34,000ದ ಪಂಜರ ತರಿಸಿದೆವು. ನಾನು ಉಳಿಸಿದ್ದ 25,000ದ ಕಥೆ ಇಷ್ಟು. ಹಳೆಯ ಪಂಜರದಲ್ಲಿ ಈಗ ಈರುಳ್ಳಿ ಆಲೂಗಡ್ಡೆ ಇಡುತ್ತೇನೆ.

ಡಾಕ್ಟರು ಇನ್ನೂ ಒಂದು ಚೀಟಿ ಕೊಟ್ಟಿದ್ದರು. ಏನೇನು ಕೂಡದು ಅಂತ. ಬೆಣ್ಣೆಹಣ್ಣು ಕೂಡದು, ಅದು ಹಕ್ಕಿಗೆ ವಿಷ. ಚಾಕೊಲೇಟು, ಕಾಫಿ, ಉಪ್ಪು ಹಾಕಿದ ಕುರುಕಲು ಕೂಡದು. ನಾನ್‌ಸ್ಟಿಕ್ ತವಾ ಮನೆಯಲ್ಲೇ ಇರಕೂಡದು. ಅದು ಜಾಸ್ತಿ ಕಾದರೆ ಬರುವ ಹೊಗೆ ನಮ್ಮ ಮೂಗಿಗೆ ಗೊತ್ತೂ ಆಗುವುದಿಲ್ಲ, ಹಕ್ಕಿ ಮಾತ್ರ ನಿಮಿಷಗಳಲ್ಲಿ ಸತ್ತು ಬೀಳಬಹುದು. ಮೂರು ತವಾ, ಒಂದು ಪಡ್ಡಿನ ಹಂಚು ತಂಗಿಗೆ ಕೊಟ್ಟೆ. ಅಟ್ಟದ ಮೇಲಿದ್ದ ಅತ್ತೆಯವರ ಕಬ್ಬಿಣದ ಕಾವಲಿ ಕೆಳಗೆ ಬಂತು. ಸತ್ಯ ಹೇಳಬೇಕೆಂದರೆ ದೋಸೆ ಅದರಲ್ಲೇ ಚೆನ್ನಾಗಿ ಏಳುತ್ತೆ. ಊದುಬತ್ತಿಯ ಹೊಗೆಯೂ ಬೇಡ ಅಂದರು. ಮೈಸೂರಿನವಳಿಗೆ ಊದುಬತ್ತಿ ಹಚ್ಚಬೇಡಿ ಅಂದರೆ ಹೇಗಾಗಬೇಡ! ಈಗ ದೇವರಿಗೆ ಹೂವು, ತುಪ್ಪದ ದೀಪ, ಅಷ್ಟೇ.

ಊಟದ ಲೆಕ್ಕ ಹೇಳಿಬಿಡುತ್ತೇನೆ. ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕುವವರು ಇದ್ದಾರೆ, ಅಗ್ಗ ಅಂತ. ಅದರಲ್ಲಿ ಕೊಬ್ಬು ಜಾಸ್ತಿ, ಎ ವಿಟಮಿನ್ ಇಲ್ಲವೇ ಇಲ್ಲ ಅನ್ನಬೇಕು. ಹಾಗಾಗಿ ಹಕ್ಕಿಗಳಿಗೆಂದೇ ಮಾಡಿದ ಗುಳಿಗೆಯಂಥ ಆಹಾರಕ್ಕೆ ತಿಂಗಳಿಗೆ 2,000. ಅಕ್ರೋಟು, ಬಾದಾಮಿಗೆ 1,200. ಕ್ಯಾರೆಟ್, ಸಿಹಿಕುಂಬಳ, ನುಗ್ಗೆ ಸೊಪ್ಪು, ಮುಸುಕಿನ ಜೋಳ, ಪಪ್ಪಾಯಿ, ಎಲ್ಲ ಸೇರಿ 1,000. ಇನ್ನು 600 ಆಟದ ಸಾಮಾನಿಗೆ. ಆಟ ಅಂದರೆ ಕಡಿಯುವುದು. ಕಡಿಯಲು ಏನಾದರೂ ಕೊಡದಿದ್ದರೆ ಅವಳೇ ಹುಡುಕಿಕೊಳ್ಳುತ್ತಾಳೆ. ನಡುಮನೆಯ ತೇಗದ ಬಾಗಿಲಿನ ಚೌಕಟ್ಟನ್ನು ಒಂದು ಮಧ್ಯಾಹ್ನ ನಾಲ್ಕು ಇಂಚು ಕಡಿದು ಪುಡಿ ಮಾಡಿದ್ದಳು. ಬಡಗಿ 2,200 ತೆಗೆದುಕೊಂಡ. ಅಂಗಡಿಯ ಆಟಿಕೆ 500 ಕೊಟ್ಟು ತಂದರೆ ಇಪ್ಪತ್ತು ನಿಮಿಷ ಬಾಳುತ್ತದೆ. ಅದಕ್ಕಿಂತ ಎಳನೀರಿನ ಬುರುಡೆ ವಾಸಿ. ಮದುವೆ ಮನೆಯಿಂದ ಉಳಿದ ಅಡಿಕೆ ಹಾಳೆ ತಟ್ಟೆ, ಸೀಬೆ ಮರದ ರೆಂಬೆ, ಇವೂ ಆಗುತ್ತವೆ.

ಆದರೆ ಒಂದು ಮಾತು. ಅವಳು ಅಕ್ರೋಟು ಒಡೆಯುವುದನ್ನು ನೀವು ನೋಡಬೇಕು. ಎಡಗಾಲಿನಲ್ಲಿ ಹಿಡಿದುಕೊಳ್ಳುತ್ತಾಳೆ. ಕಪ್ಪು ನಾಲಗೆ, ಒಣಗಿದ್ದು, ಒಳಗೆ ಮೂಳೆ ಇರುವ ನಾಲಗೆ ಅದು. ಅದರಿಂದ ಕಾಯನ್ನು ತಿರುಗಿಸುತ್ತಾ ತಿರುಗಿಸುತ್ತಾ ಜೋಡಣೆಯ ಗೆರೆ ಹುಡುಕುತ್ತಾಳೆ. ಸಿಕ್ಕಿದ ಕೂಡಲೇ ಕಟಕ್. ನಾವು ಒರಳುಕಲ್ಲಿನ ಗುಂಡು ಎತ್ತಿ ಕುಟ್ಟುವ ಕಾಯಿ, ಸ್ವಾಮಿ. ಒಳಗಿನ ತಿರುಳು ಎರಡು ಹೋಳಾಗಿ ನೀಟಾಗಿ ಬರುತ್ತದೆ. ಸಿಪ್ಪೆ ನನ್ನ ಗುಡಿಸಿದ ನೆಲದ ಮೇಲೆ.

ಮೊದಲ ವರ್ಷದ ಮೊತ್ತ ಕೂಡಿದೆ. ಹಕ್ಕಿ, ಎರಡು ಪಂಜರ, ಡಾಕ್ಟರು, ಟ್ಯಾಕ್ಸಿ, ಪರೀಕ್ಷೆ, ಬಡಗಿ, ಹನ್ನೆರಡು ತಿಂಗಳ ಊಟ, ಆಟ. 2,39,000 ರೂಪಾಯಿ. ಅಂದರೆ ತಂದ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ.

ಎರಡನೇ ವರ್ಷದ ದೊಡ್ಡ ಖರ್ಚು ಯಾವುದು ಗೊತ್ತಾ? ಸದ್ದು. ಕಾಡಿನಲ್ಲಿ ಈ ಹಕ್ಕಿಗಳು ಹೊತ್ತು ಹುಟ್ಟುವಾಗ, ಹೊತ್ತು ಮುಳುಗುವಾಗ ಒಂದನ್ನೊಂದು ಕೂಗಿ ಕರೆಯುತ್ತವೆ. ದೂರದ ಗುಂಪಿಗೂ ಕೇಳಬೇಕಲ್ಲ, ಅದಕ್ಕೆ ತಕ್ಕ ಗಂಟಲು. ಅದೇ ಗಂಟಲು ನಮ್ಮ ನಡುಮನೆಯಲ್ಲಿ ಬೆಳಗ್ಗೆ ಆರೂಕಾಲಿಗೆ, ಸಂಜೆ ಐದೂಮುಕ್ಕಾಲಿಗೆ. ಮಹಡಿ ಮೇಲೆ ಬಾಡಿಗೆಗೆ ಇದ್ದವರ ಮಗಳಿಗೆ ಎರಡನೇ ಪಿಯುಸಿ. ಪಾಪ, ಎಷ್ಟು ದಿನ ತಡೆದುಕೊಂಡಾರು? ‘ಆಂಟಿ, ತಪ್ಪು ತಿಳ್ಕೋಬೇಡಿ’ ಅಂತ ಅವರ ತಾಯಿ ಬೀಗದ ಕೈ ಕೊಟ್ಟು ಹೋದರು. ಮನೆ ಆರು ತಿಂಗಳು ಖಾಲಿ. ನೋಡಲು ಬಂದವರೆಲ್ಲ ಸಂಜೆ ಹೊತ್ತಿಗೇ ಬರುತ್ತಿದ್ದರು, ಏನು ಮಾಡೋಣ. ತಿಂಗಳಿಗೆ 12,000ದಂತೆ 72,000 ಹೋಯಿತು. ‘ಇದನ್ನೂ ಗಿಣಿ ಖಾತೆಗೆ ಹಾಕ್ತೀಯಾ?’ ಅಂತ ಯಜಮಾನರು ಕೇಳಿದರು. ಹಾಕಿದೆ.

ಕಾಗದ ಪತ್ರದ ವಿಷಯವನ್ನೂ ಹೇಳಬೇಕು. ನಮ್ಮ ದೇಶದ ಹಸಿರು ಗಿಣಿಯನ್ನು ಪಂಜರದಲ್ಲಿ ಇಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಎಷ್ಟೋ ಮನೆಗಳಲ್ಲಿ ಇದೆ ಅನ್ನುವುದು ಬೇರೆ ಮಾತು. ಹೊರದೇಶದ ಹಕ್ಕಿಗಳಿಗೆ ಮೊದಲು ಹೇಳುವವರು ಕೇಳುವವರು ಇರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ, ನಿಮ್ಮಲ್ಲಿ ಇರುವುದನ್ನು ನೀವಾಗಿಯೇ ತಿಳಿಸಿ ಅಂತ ಅವಕಾಶ ಕೊಟ್ಟಿತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. 2024ರ ಫೆಬ್ರವರಿಯಲ್ಲಿ ನಿಯಮ ಬಂತು. ಈಗ ಮಕಾವ್ ಸಾಕುವವರು ಪರಿವೇಶ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಮರಿಯಾದರೆ, ಬೇರೆಯವರಿಗೆ ಕೊಟ್ಟರೆ, ಸತ್ತರೆ, ಅದನ್ನೂ ತಿಳಿಸಬೇಕು. ಮಾರುವವನ ಹತ್ತಿರ ಆ ನೋಂದಣಿ ಪತ್ರ ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಫೋನಿನಲ್ಲಿ ಹಕ್ಕಿಯ ಫೋಟೋ ನೋಡಿ ದುಡ್ಡು ಕಳಿಸುವವರಿಗೂ ಇದೇ ಮಾತು. ನಮ್ಮ ಬೀದಿಯ ಹುಡುಗನೊಬ್ಬ ‘ಜೋಡಿಗೆ ಮೂವತ್ತು ಸಾವಿರ’ ಅಂತ ನೋಡಿ ಅರ್ಧ ಮುಂಗಡ ಕಟ್ಟಿದ. ಆಮೇಲೆ ಪೆಟ್ಟಿಗೆಗೆ ಇಷ್ಟು, ವಿಮೆಗೆ ಇಷ್ಟು ಅಂತ ಕೇಳುತ್ತಾ ಹೋದರು. ಕೊನೆಗೆ ನಂಬರೇ ಇಲ್ಲ.

ಮಗನಿಗೆ 2022ರಲ್ಲಿ ಪುಣೆಗೆ ವರ್ಗವಾಯಿತು. ಅಲ್ಲಿ ಫ್ಲ್ಯಾಟು. ಮಕಾವ್ ಅಂದ ಕೂಡಲೇ ಮನೆ ಮಾಲೀಕರು ಫೋನ್ ಇಟ್ಟುಬಿಟ್ಟರಂತೆ. ರಾಜಿ ನಮ್ಮಲ್ಲೇ ಉಳಿದಳು. ತರುವವರು ಮಕ್ಕಳು, ಸಾಕುವವರು ಅಮ್ಮಂದಿರು, ಯಾವ ಮನೆಯಲ್ಲಿ ಹಾಗಲ್ಲ ಹೇಳಿ. ಅವನು ಹೋದ ಎರಡನೇ ವಾರ ಪಂಜರದ ಕೆಳಗೆ ಹಳದಿ ಗರಿ ಕಂಡೆ. ಗರಿ ಉದುರುವ ಕಾಲ ಇರಬೇಕು ಅಂದುಕೊಂಡೆ. ಮಾರನೇ ದಿನ ಇನ್ನೂ ಹತ್ತು. ಬಗ್ಗಿ ನೋಡಿದರೆ ಎದೆಯ ಮೇಲೆ ರೂಪಾಯಿ ನಾಣ್ಯದಷ್ಟು ಬೋಳು. ತಾನೇ ಕಿತ್ತುಕೊಳ್ಳುತ್ತಿದ್ದಳು. ಮತ್ತೆ ಬೆಂಗಳೂರು, ಮತ್ತೆ ಟ್ಯಾಕ್ಸಿ. ಎಲ್ಲ ಪರೀಕ್ಷೆ ಮಾಡಿ ಡಾಕ್ಟರು, ಕಾಯಿಲೆ ಏನೂ ಇಲ್ಲ ಅಂದರು. ‘ಒಂಟಿ ಆಗಿದಾಳೆ ಅಮ್ಮ. ದಿನಕ್ಕೆ ಮೂರು ನಾಲ್ಕು ಗಂಟೆ ಪಂಜರದ ಹೊರಗೆ, ಮನೆಯವರ ಜೊತೆ ಇರಬೇಕು.’

ಆವತ್ತಿನಿಂದ ಹುರುಳಿಕಾಯಿ ಸೋಸುವುದು, ಅಕ್ಕಿ ಆರಿಸುವುದು, ಬಟ್ಟೆ ಮಡಿಸುವುದು, ಎಲ್ಲ ಅವಳ ಪಕ್ಕದಲ್ಲೇ. ಜೊತೆಗೆ ರೇಡಿಯೋ. ನಾನು ಸ್ನಾನಕ್ಕೆ ಹೋದರೂ ಮನೆಯಲ್ಲಿ ಒಂದು ದನಿ ಇರಲಿ ಅಂತ. ಬೆಳಗಿನ ಚಿಂತನಕ್ಕೆ ತಲೆ ವಾರೆ ಮಾಡಿ ಕೇಳುತ್ತಾಳೆ. ಪ್ರದೇಶ ಸಮಾಚಾರ ಅಂದ ತಕ್ಷಣ ‘ಹ್ಞೂಂ’ ಅನ್ನುತ್ತಾಳೆ, ನಮ್ಮ ಯಜಮಾನರ ದನಿಯಲ್ಲೇ. ಎದೆಯ ಗರಿ ಬರಲು ಎಂಟು ತಿಂಗಳಾಯಿತು. ಪೂರ್ತಿ ಬಂದಿಲ್ಲ. ನಾವಿಬ್ಬರೂ ಒಟ್ಟಿಗೆ ಮದುವೆಗೆ ಹೋಗಿ ಮೂರು ವರ್ಷವಾಯಿತು. ಒಬ್ಬರು ಹೋದರೆ ಒಬ್ಬರು ಮನೆಯಲ್ಲಿ. ಈ ಖರ್ಚನ್ನು ಯಾವ ಕಾಲಂನಲ್ಲಿ ಬರೆಯಬೇಕೋ ನನಗೆ ತೋಚಿಲ್ಲ.

ನೋಡುವ ಆಸೆ ಇರುವವರಿಗೆ ಬೇರೆ ದಾರಿ ಇದೆ. ಮೈಸೂರಿನ ನಂಜನಗೂಡು ರಸ್ತೆಯ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಶುಕವನ ಇದೆ. 468 ಜಾತಿಯ ಪಕ್ಷಿಗಳಿವೆ ಅಂತ 2017ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಜಾಗ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಮೈಸೂರು ಮೃಗಾಲಯದಲ್ಲಿ ಪ್ರಾಣಿ ಪಕ್ಷಿ ದತ್ತು ಯೋಜನೆ ಇದೆ. ಸದ್ದು ಅವರಿಗೆ, ಸರ್ಟಿಫಿಕೇಟು ನಿಮಗೆ.

ಈ ಹಕ್ಕಿ ಚೆನ್ನಾಗಿ ಸಾಕಿದರೆ ಐವತ್ತು ಅರವತ್ತು ವರ್ಷ ಬದುಕುತ್ತದೆ. ಐವತ್ತು ವರ್ಷ ಅಂತಲೇ ಇಟ್ಟುಕೊಳ್ಳಿ. ಬೆಲೆ ಒಂದು ಪೈಸೆ ಏರದಿದ್ದರೂ ಊಟ, ಆಟಕ್ಕೆ 28,80,000. ನನಗೀಗ ಅರವತ್ತೊಂದು. ರಾಜಿಗೆ ನನ್ನ ವಯಸ್ಸಾಗುವ ಹೊತ್ತಿಗೆ ಮಗನೇ ಇರುತ್ತಾನೋ ಇಲ್ಲವೋ. ಹೋದ ತಿಂಗಳು ವಿಲ್ ಬರೆಸಲು ವಕೀಲರ ಹತ್ತಿರ ಹೋಗಿದ್ದೆವು. ಮನೆ, ಸೈಟು, ಚಿನ್ನ ಎಲ್ಲ ಮುಗಿದ ಮೇಲೆ, ‘ಇನ್ನೊಂದು ಹೆಸರಿದೆ ಸಾರ್’ ಅಂದೆ. ಪೆನ್ನು ಹಿಡಿದೇ ನನ್ನ ಮುಖ ನೋಡಿದರು. ಮೊಮ್ಮಗಳ ಹೆಸರು ಬರೆಸಿದ್ದೇವೆ. ಅವಳಿಗೆ ಈಗ ನಾಲ್ಕು ವರ್ಷ. ಕೇಳಿದ್ದಕ್ಕೆ, ‘ನನಗೆ ಮೊಲ ಬೇಕು’ ಅಂದಳು.

ಈ ಭಾಷಣ ಪ್ರಸಾರ ಆಗುವಾಗ ನಮ್ಮ ಮನೆಯಲ್ಲೂ ರೇಡಿಯೋ ಹಚ್ಚಿರುತ್ತದೆ. ನಾನು ಅಡುಗೆಮನೆಯಲ್ಲಿ ಇರುತ್ತೇನೆ, ನನ್ನ ದನಿ ಪೆಟ್ಟಿಗೆಯಿಂದ ಬರುತ್ತಿರುತ್ತದೆ. ರಾಜಿಗೆ ಗಲಿಬಿಲಿ ಆಗುತ್ತದೆ, ಖಂಡಿತ ಕಿರುಚುತ್ತಾಳೆ. ಮಹಡಿ ಮೇಲೆ ಹೊಸದಾಗಿ ಬಂದಿರುವವರು ಕೇಳುತ್ತಿದ್ದರೆ, ಐದು ನಿಮಿಷ ಸಹಿಸಿಕೊಳ್ಳಿ. ಬಾಡಿಗೆ ಈ ತಿಂಗಳು ಐನೂರು ಕಡಿಮೆ ಕೊಟ್ಟರೂ ಆಯಿತು. ಅದನ್ನೂ ಗಿಣಿ ಖಾತೆಗೇ ಬರೆದುಕೊಳ್ಳುತ್ತೇನೆ.

ನಮಸ್ಕಾರ.