ಮಿಕ್ಸಿ ಬೇಡ, ಸೌಟು ಸಾಕು: ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಮ್ಯಾಶ್

ಕೇಳುಗರೇ, ನಮಸ್ಕಾರ.

ಇವತ್ತು ಆಲೂಗಡ್ಡೆ ಮ್ಯಾಶ್ ಬಗ್ಗೆ ಮಾತಾಡೋಣ. ಬೆಣ್ಣೆ, ಹಾಲು, ಬೆಳ್ಳುಳ್ಳಿ ಹಾಕಿ ಮಾಡುತ್ತೇವಲ್ಲ, ಅದು. ನಾನು ಮೊದಲ ಸಲ ಮಾಡಿದಾಗ ಬೇಗ ನುಣ್ಣಗಾಗಲಿ ಅಂತ ಬೆಂದ ಹೋಳುಗಳನ್ನೆಲ್ಲ ಮಿಕ್ಸಿಗೆ ಹಾಕಿ ತಿರುಗಿಸಿಬಿಟ್ಟೆ. ಮುಚ್ಚಳ ತೆಗೆದು ಚಮಚ ಎತ್ತಿದರೆ ಎಳೆ ಎಳೆಯಾಗಿ ಜೋತುಬಿತ್ತು, ಥೇಟ್ ಕಾಗದ ಅಂಟಿಸುವ ಗೋಂದು. ತುಂಬಾ ಬೇಜಾರಾಯ್ತು.

ಯಾಕೆ ಹಾಗಾಯ್ತು ಗೊತ್ತಾ? ಆಲೂಗಡ್ಡೆಯ ಜೀವಕೋಶಗಳ ಒಳಗೆ ಪಿಷ್ಟ ತುಂಬಿರುತ್ತದೆ. ಬೇಯುವಾಗ ಅದು ನೀರು ಕುಡಿದು ಉಬ್ಬುತ್ತದೆ. ಕೈಯಲ್ಲಿ ಮೆತ್ತಗೆ ಹಿಸುಕಿದರೆ ಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಹೆಚ್ಚಿನವು ಒಡೆಯುವುದಿಲ್ಲ. ಮಿಕ್ಸಿಯ ಬ್ಲೇಡ್ ಅವನ್ನು ಸೀಳಿಹಾಕುತ್ತದೆ, ಪಿಷ್ಟವೆಲ್ಲ ಹೊರಗೆ ಬಂದು ಅಂಟಾಗುತ್ತದೆ. ಆಮೇಲೆ ಎಷ್ಟು ಬೆಣ್ಣೆ ಸುರಿದರೂ ಸರಿಹೋಗಲ್ಲ.

1 ಕೆಜಿ ಆಲೂಗಡ್ಡೆ ತಗೊಳ್ಳಿ, ಬೆಂದರೆ ಹಿಟ್ಟು ಹಿಟ್ಟಾಗಿ ಉದುರುವ ಜಾತಿಯದ್ದು. ಸಿಪ್ಪೆ ತೆಗೆದು ಒಂದೇ ಗಾತ್ರದ ಹೋಳು ಮಾಡಿ, ತಣ್ಣೀರಿಗೆ ಹಾಕಿ, ಉಪ್ಪು ಸೇರಿಸಿ, ಆಮೇಲೆ ಒಲೆ ಹಚ್ಚಿ. ಕುದಿಯುವ ನೀರಿಗೇ ಹಾಕಿದರೆ ಒಳಗೆ ಬೇಯುವ ಹೊತ್ತಿಗೆ ಹೊರಗೆ ಕರಗಿಹೋಗಿರುತ್ತದೆ. ಚಾಕುವಿನ ತುದಿ ತಡೆಯಿಲ್ಲದೆ ಇಳಿದರೆ ಬೆಂದಿದೆ ಅಂತ.

ಇನ್ನು ಬೆಳ್ಳುಳ್ಳಿ. ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಬೇಡಿ, ಜಜ್ಜಿದ ಕ್ಷಣಕ್ಕೇ ಅದರಲ್ಲಿ ಘಾಟು ಹುಟ್ಟುತ್ತದೆ. 10–12 ಎಸಳು ಸುಲಿದು, ಇಡಿಯಾಗಿಯೇ 250 ಮಿಲಿ ಹಾಲಿಗೆ ಹಾಕಿ, ಸಣ್ಣ ಉರಿಯಲ್ಲಿ ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ಹೊತ್ತು ಬಿಡಿ. ಉಕ್ಕದಂತೆ ನೋಡಿಕೊಳ್ಳಿ. ಬಿಸಿಗೆ ಘಾಟು ಹುಟ್ಟೋದೇ ನಿಂತು ಎಸಳು ಸಿಹಿಯಾಗುತ್ತದೆ, ಚಮಚದ ಬೆನ್ನಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಹರಡಿಕೊಳ್ಳುತ್ತದೆ. ಅದನ್ನು ಹಾಲಿನಲ್ಲೇ ಕಲಸಿಬಿಡಿ.

ಆಲೂಗಡ್ಡೆಯ ನೀರು ಬಸಿದ ತಕ್ಷಣ ಹಿಸುಕೋಕೆ ಹೋಗಬೇಡಿ. ಖಾಲಿ ಪಾತ್ರೆಗೇ ವಾಪಸ್ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಮೆಲ್ಲಗೆ ಅಲ್ಲಾಡಿಸಿ. ಹಬೆ ಏಳುತ್ತದೆ, ಹೋಳುಗಳ ಅಂಚು ಬೆಳ್ಳಗೆ ಪುಡಿಪುಡಿಯಾಗುತ್ತದೆ, ಪಾತ್ರೆಯ ತಳದಲ್ಲಿ ತೆಳ್ಳಗೆ ಬಿಳಿ ಪರೆ ಕಟ್ಟುತ್ತದೆ. ನೀರು ಹೋದ ಜಾಗಕ್ಕೇ ಅಲ್ವಾ ಬೆಣ್ಣೆ ಸೇರಬೇಕು? ಸುಮಾರು ಜನ ಈ ಎರಡು ನಿಮಿಷವನ್ನೇ ಬಿಟ್ಟುಬಿಡುತ್ತಾರೆ, ಆಮೇಲೆ ಮ್ಯಾಶ್ ನೀರುನೀರಾಯ್ತು ಅಂತ ಹಾಲಿನ ಮೇಲೆ ತಪ್ಪು ಹಾಕುತ್ತಾರೆ.

ಬಿಸಿ ಇರುವಾಗಲೇ ಮ್ಯಾಶರ್‌ನಿಂದ ಅಥವಾ ಗಟ್ಟಿ ಸೌಟಿನ ಬೆನ್ನಿನಿಂದ ಹಿಸುಕಿ. ಮೊದಲು 100 ಗ್ರಾಂ ಬೆಣ್ಣೆ, ಅದು ಪೂರ್ತಿ ಕರಗಲಿ. ಆಮೇಲೆ ಬೆಳ್ಳುಳ್ಳಿ ಹಾಲು, ಬಿಸಿಯಾಗೇ, ಸ್ವಲ್ಪ ಸ್ವಲ್ಪವಾಗಿ. ಎಲ್ಲಾ ಹಾಲೂ ಬೇಕಾಗದೇ ಇರಬಹುದು. ಕೊನೆಗೆ ಎರಡು ಚಮಚ ಕ್ರೀಮ್, ಕಾಳುಮೆಣಸಿನ ಪುಡಿ. ಉಪ್ಪು ನೋಡಿ. ನುಣ್ಣಗಾಯ್ತು ಅನ್ನಿಸಿದ ಕೂಡಲೇ ಕೈ ನಿಲ್ಲಿಸಿ.

ಉಳಿದರೆ ಫ್ರಿಜ್‌ನಲ್ಲಿಡಿ. ಮಾರನೇ ದಿನ ಗಟ್ಟಿಯಾಗಿರುತ್ತದೆ, ಗಾಬರಿ ಬೇಡ. ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಚೆನ್ನಾಗಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ನಮಸ್ಕಾರ.